ಲ್ಯಾಂಡ್‌ಮಾಸ್ಟರಿನ ಮುಂದಿನ ಸೀಟು

"ತಡಿ! ಅಲ್ಲಿ ಕೊರೀಬ್ಯಾಡ!"

ಡ್ರಿಲ್ಲಿನ ಮೊನೆಗೂ ಲ್ಯಾಂಡ್‌ಮಾಸ್ಟರ್ ಕಾರಿನ ಕಂಬಕ್ಕೂ ನಡುವೆ ಪಂಪಾಪತಿ ಎಡಗೈ ಒಡ್ಡಿದ್ದ. ಬಂದೇಸಾಬ ಬೆಚ್ಚಿಬಿದ್ದು ಸ್ವಿಚ್ಚಿನಿಂದ ಬೆರಳು ತೆಗೆದ. ಮೊನೆ ಒಂದೆರಡು ಸುತ್ತು ತಿರುಗಿ ನಿಂತಿತು.

"ಏನ್ರಿ ಸರ ನೀವು! ಕೈ ತೂತಾಗ್ತಿತ್ತಲ್ರಿ!"

"ಬಣ್ಣ ಹೋಗ್ತಿತ್ತು. ಅದು ಐವತ್ತಾರನೇ ಇಸವಿ ಬಣ್ಣ. ಕಂಪನಿಯಾಗ ಹಚ್ಚಿದ್ದು."

ಸಿಂಧನೂರಿನ ಆ ಗ್ಯಾರೇಜಿಗೆ ಬರುವುದೆಲ್ಲ ಟ್ರ್ಯಾಕ್ಟರು, ಭತ್ತ ಕೊಯ್ಯುವ ಯಂತ್ರ, ಕ್ಯಾಂಪುಗಳಿಂದ ಮೂಟೆ ಹೊತ್ತು ಬರುವ ಗೂಡ್ಸ್ ಗಾಡಿ. ಅವುಗಳ ಮಾಲೀಕರು ಯಾರೂ ಬಣ್ಣಕ್ಕೆ ಇಸವಿ ಹೇಳುವವರಲ್ಲ. ಬಂದೇಸಾಬ ಡ್ರಿಲ್ ಕೆಳಗಿಟ್ಟು ಅರಿವೆಗೆ ಕೈ ಒರೆಸಿಕೊಂಡ.

"ಹಂಗಾದ್ರ ಸೀಟ್ ಬೆಲ್ಟ್ ಏನ್ ಗಾಳ್ಯಾಗ ನಿಲ್ತಾವೇನ್ರಿ?"

ಪಂಪಾಪತಿ ಬಗ್ಗಿ ನೋಡಿದ. ಎರಡು ಬಾಗಿಲುಗಳ ನಡುವಿನ ಕಂಬದ ಬುಡದಲ್ಲಿ, ನೆಲದ ತಗಡು ಮೇಲಕ್ಕೆ ಬಾಗುವ ಜಾಗದಲ್ಲಿ, ಯಾವುದೋ ಕಾಲದ ಬೋಲ್ಟಿನ ತೂತೊಂದು ಇತ್ತು. ಆಚೆ ಬದಿಯಲ್ಲೂ ಅಂಥದ್ದೇ ಒಂದು.

"ಇಲ್ಲೇ ಐತಲ್ಲ ತೂತು. ಡಬ್ಬಿ ಇಲ್ಲಿ ಕುಂದರಿಸು."

"ಅಲ್ಲಿ ವಾರಿ ಕುಂದರ್ತದ್ರಿ."

"ಸ್ವಲ್ಪ ವಾರಿ ಕುಂತ್ರ ಏನಾಗ್ತೈತಿ?"

"ನನಗೇನ್ ಗೊತ್ರಿ ಸರ. ಈ ಡಬ್ಬಿ ಬಿಚ್ಚಿದಾಂವ ಅಲ್ಲ, ಹಾಕಿದಾಂವ ಅಲ್ಲ. ನೀವು ಕಾಲೇಜಿನ್ಯಾಗ ಕಲಿಸೋರು. ನೀವು ಅಂದಂಗ."

ಕಲಿಸುವವನಿಗೆ ಅಷ್ಟು ಸಾಕಾಯಿತು. ಬೆಲ್ಟು ಸುತ್ತಿಕೊಳ್ಳುವ ಆ ಹೊಸ ಡಬ್ಬಿಯನ್ನು ಅವನು ಬಂದೇಸಾಬನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಏನೋ ಕಟಕಟ ಅಂದಿತು.

"ಕೇಳಿದೇನು? ಒಳಗ ಸಣ್ಣ ಗುಂಡು ಐತಿ. ಗಾಡಿ ಗಪ್ಪನ ನಿಂತ್ರ ಗುಂಡು ಉರುಳತೈತಿ. ಉರುಳಿದ ಕೂಡ್ಲೇ ಹಲ್ಲು ಕಚ್ಚತೈತಿ. ಆಮ್ಯಾಲೆ ಬೆಲ್ಟ್ ಒಂದು ಬೆಟ್ಟಿನಷ್ಟೂ ಮುಂದ ಬರಂಗಿಲ್ಲ. ಇದಕ್ಕ ಜಡತ್ವ ಅಂತಾರ."

"ಹೌದ್ರಿ?" ಎಂದು ಬಂದೇಸಾಬ ಆಕಳಿಸಿದ.

ಲಿಂಗಸುಗೂರಿನ ಡಿಗ್ರಿ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಪಂಪಾಪತಿ ಈ ಜಡತ್ವವನ್ನು ಪ್ರತಿವರ್ಷವೂ ಹೊಸ ಹುಡುಗರಿಗೆ ಹೇಳುತ್ತ ಬಂದವನು. ಡಬ್ಬಿ ವಾರೆ ಕೂತರೆ ಗುಂಡು ಮೊದಲೇ ಅರ್ಧ ಉರುಳಿ ಕೂತಿರುತ್ತದಲ್ಲ ಎನ್ನುವ ವಿಚಾರ, ಹಿಂದಿನ ಬೆಂಚಿನ ಹುಡುಗ ಕೈ ಎತ್ತಿದಂತೆ, ತಲೆಯ ಯಾವುದೋ ಮೂಲೆಯಲ್ಲಿ ಎದ್ದಿತು. ಅವನು ಆ ಕಡೆ ನೋಡಲಿಲ್ಲ. ಹಸಿರು ಬಣ್ಣ ಉಳಿಯಿತಲ್ಲ ಎಂದು ಕಂಬವನ್ನು ಅಂಗೈಯಿಂದ ಸವರಿದ.

"ಹಳೇ ಗಾಡಿಗೆ ಬೆಲ್ಟ್ ಯಾರ್ ಕೇಳ್ತಾರ್ರಿ ಸರ? ಪೊಲೀಸ್ರೂ ಕೇಳಂಗಿಲ್ಲ."

"ಮನ್ಯಾಗ ಕೇಳ್ಯಾರ."

"ಹಾಂ, ಮನಿ ಪೊಲೀಸ್ರು! ಅವ್ರ ಫೈನಿಗೆ ರಶೀದಿನೂ ಇಲ್ಲ ಬಿಡ್ರಿ," ಎಂದು ನಕ್ಕು ಬಂದೇಸಾಬ ಕಾರಿನೊಳಗೆ ನುಸುಳಿದ.

ಮನೆಯಲ್ಲಿ ಕೇಳಿರಲಿಲ್ಲ. ಹೆಂಡತಿ ಅಂಬಿಕಾ ಏನನ್ನೂ ಕೇಳುವವಳಲ್ಲ. ಕಳೆದ ಸೋಮವಾರ ರೊಟ್ಟಿ ಬಡಿಯುತ್ತ, ಹಂಚಿನ ಮೇಲಿನ ಕಣ್ಣು ತೆಗೆಯದೆ ಅವಳು ಹೇಳಿದ್ದಿಷ್ಟೆ: "ದಿನಾ ಬಸ್ಸಿನ್ಯಾಗ ಮಸ್ಕಿಗೆ ಅಡ್ಡಾಡಿ ಸಾಕಾಗೈತಿ. ಮೆಹನಾಜ್ ಟೀಚರ್ ಮನಿ ಮ್ಯಾಲಿನ ರೂಮು ಖಾಲಿ ಐತಿ. ಶನಿವಾರ ಹೇಳ್ತೀನಿ ಅಂದೀನಿ."

ಅವನು, "ಹ್ಞೂಂ," ಎಂದಿದ್ದ. ಆಮೇಲೆ ಹೊರಗೆ ಹೋಗಿ ಕಾರಿನ ಬುಡಕ್ಕೆ ಮಲಗಿದ್ದ. ಮಗಳು ಕಲಬುರಗಿಯ ಹಾಸ್ಟೆಲ್ಲಿನಲ್ಲಿ. ಹೆಂಡತಿ ಮಸ್ಕಿಯ ರೂಮಿಗೆ ಹೋದರೆ ಲಿಂಗಸುಗೂರಿನ ಮನೆಯಲ್ಲಿ ಉಳಿಯುವವರು ತಾನು ಮತ್ತು ಲ್ಯಾಂಡ್‌ಮಾಸ್ಟರು ಎಂಬ ಲೆಕ್ಕ ಗ್ರೀಸ್ ಹಚ್ಚುವಾಗ ಹೊಳೆದಿತ್ತು. ಇವತ್ತು ಆ ಶನಿವಾರ. ಮಸ್ಕಿಯಲ್ಲಿ ಅವಳು ಕಲಿಸುವ ಶಾಲೆ ಮಧ್ಯಾಹ್ನಕ್ಕೇ ಬಿಡುತ್ತದೆ. ಅಷ್ಟರೊಳಗೆ ಬೆಲ್ಟು ಹಾಕಿಸಿಕೊಂಡು ಹೋಗಿ ನಿಂತುಬಿಟ್ಟರೆ, ದಿನಾ ನಾನೇ ಬಿಟ್ಟು ಬರ್ತೀನಿ ಎಂದುಬಿಟ್ಟರೆ, ರೂಮಿನ ಮಾತೇ ಏಳುವುದಿಲ್ಲ. ಬೆಲ್ಟು ಕೂಡ ಕರಿಯದಲ್ಲ. ಸೀಟಿನ ತೊಗಲಿಗೆ ಒಪ್ಪುವಂತೆ ಬೆಣ್ಣೆ ಬಣ್ಣದ್ದನ್ನೇ ಹುಡುಕಿ ತರಿಸಿದ್ದ.

ಕೆಲಸ ಮುಗಿಸಿ ಬಂದೇಸಾಬ ಕರೆದ. ಗ್ಯಾರೇಜಿನ ಸಪಾಟಾದ ಅಂಗಳದಲ್ಲಿ ಪಂಪಾಪತಿ ಎಡಸೀಟಿನಲ್ಲಿ ಕೂತು ಬೆಲ್ಟು ಎಳೆದ. ಸುಸೂತ್ರ ಬಂತು. ಬಿಟ್ಟ, ಹಾವಿನಂತೆ ಒಳಗೆ ಹೋಯಿತು. ಮತ್ತೆ ಎಳೆದ, ಬಂತು. ಕೊಂಡಿ ಹಾಕಿದರೆ ಟಕ್ಕೆಂಬ ಸದ್ದು.

"ನೋಡಿದೇನು? ವಾರಿ ಅಂತಿದ್ದೆಲ್ಲ."

"ನೀವ್ ಹೇಳಿದ್ ಮ್ಯಾಲೆ ಖತಂ ಬಿಡ್ರಿ ಸರ," ಎಂದು ಬಂದೇಸಾಬ ಬಾನೆಟ್ಟಿನ ಮೂಲೆಗೆ ಕರಿ ದಾರ ಕಟ್ಟಿದ. ಯಾವ ಗಾಡಿಯನ್ನೂ ಅವನು ದಾರ ಕಟ್ಟದೆ ಕಳಿಸುವುದಿಲ್ಲ.

*

ಕಾಲುವೆಯ ನೀರು ಕುಡಿದ ಭತ್ತ ರಸ್ತೆಯ ಎರಡೂ ಬದಿಗೆ ಹಸಿರೋ ಹಸಿರು. ಕಾರು ಚೆನ್ನಾಗಿ ಓಡುತ್ತಿತ್ತು. ಹಿಂದಿನ ರಾತ್ರಿ ಕಿಡಿ ಕೊಡುವ ಪಾಯಿಂಟು ಉಜ್ಜಿದ್ದ, ಕಾರ್ಬೊರೇಟರಿನ ಕಸ ಊದಿ ತೆಗೆದಿದ್ದ. ಆದರೂ ಎಂಜಿನ್ನಿನ ಸದ್ದಿನಲ್ಲಿ ಏನೋ ಒಂದು ಎಳೆ ಬೇರೆ ಕೇಳಿಸಿದಂತಾಗಿ ಎರಡು ಸಲ ಬದಿಗೆ ನಿಲ್ಲಿಸಿ ಬಾನೆಟ್ಟು ತೆರೆದ. ಏನೂ ಇರಲಿಲ್ಲ. ಏನೂ ಇಲ್ಲದಿರುವುದಕ್ಕೇ ಅವನಿಗೆ ತಳಮಳವಾಯಿತು.

ಈ ಕಾರನ್ನು ಅವನು ಕಂಡದ್ದು ನಿರಾಶ್ರಿತರ ಆರ್.ಎಚ್. ಕ್ಯಾಂಪಿನಲ್ಲಿ, ಒಬ್ಬ ಬಂಗಾಲಿ ರೈತನ ಭತ್ತದ ಗೋದಾಮಿನಲ್ಲಿ. ಕಾಲುವೆ ತೋಡಿಸಲು ಬಂದ ಯಾರೋ ಎಂಜಿನಿಯರ್ ಬಿಟ್ಟುಹೋದದ್ದಂತೆ. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಮರಿ ಆಗುವ ತನಕ ಕೊಡುವುದಿಲ್ಲ ಎಂದು ರೈತನ ಹೆಂಡತಿ ಹಟ ಹಿಡಿದದ್ದರಿಂದ ಪಂಪಾಪತಿ ಕಾದು ತಂದಿದ್ದ. ಆವತ್ತಿನಿಂದ ಅವನ ಭಾನುವಾರಗಳೆಲ್ಲ ಕಾರಿನ ಬುಡದಲ್ಲಿ. "ಹೊರಗ ನಿಮ್ಮ ಕಾಲು ಕಂಡ್ರ ಮಾತ್ರ ನೀವು ಮನ್ಯಾಗ ಅದೀರಿ ಅಂತ ತಿಳೀತೈತಿ," ಎಂದು ಅಂಬಿಕಾ ಒಮ್ಮೆ ನಕ್ಕಿದ್ದಳು. ಆಗ ಇನ್ನೂ ನಗುತ್ತಿದ್ದಳು.

ಭತ್ತ ಮುಗಿದು ತೊಗರಿಯ ಹೊಲಗಳು ಶುರುವಾದವು. ಮಸ್ಕಿಯ ಗುಡ್ಡ ಕಾಣಿಸಿತು. ಗುಡ್ಡ ಕಂಡ ಕೂಡಲೇ ಆ ಮಧ್ಯಾಹ್ನ ನೆನಪಾಗುತ್ತದೆ. ಬೇಡವೆಂದರೂ ಆಗುತ್ತದೆ.

ಎರಡು ತಿಂಗಳ ಹಿಂದೆ ಇದೇ ರಸ್ತೆಯಲ್ಲಿ, ಮಸ್ಕಿಯ ಆಚೆ, ಅವಳನ್ನು ಶಾಲೆಯಿಂದ ಕರೆದುಕೊಂಡು ಲಿಂಗಸುಗೂರಿಗೆ ಹೊರಟಿದ್ದ. ಉದ್ದನೆಯ ಒಂದೇ ಸೀಟು. ಇಬ್ಬರ ನಡುವೆ ಒಂದು ರಟ್ಟಿನ ಪೆಟ್ಟಿಗೆ. ಅದರಲ್ಲಿ ಕಾರಿನ ಹಿಂದಿನ ದೀಪದ ಕೆಂಪು ಗ್ಲಾಸು. ಹೈದರಾಬಾದಿನ ಹಳೇ ಸಾಮಾನಿನ ಬಜಾರಿನಲ್ಲಿ ಎಷ್ಟೋ ದಿನ ಹುಡುಕಿಸಿದ ಮೇಲೆ ಸಿಕ್ಕಿದ್ದು. ಬೈಕಿನವನೊಬ್ಬ ಹೊಲದ ದಾರಿಯಿಂದ ಅಡ್ಡ ನುಗ್ಗಿದ. ಬ್ರೇಕು ತುಳಿದದ್ದು ನೆನಪಿದೆ. ಎಡಗೈ ತಾನಾಗಿ ಚಾಚಿಕೊಂಡದ್ದೂ ನೆನಪಿದೆ. ಗಾಡಿ ಓಡಿಸುವ ಯಾವ ಗಂಡಸಿನ ಕೈಯೂ ಹಾಗೆ ಬದಿಗೆ ಚಾಚಿಕೊಳ್ಳುತ್ತದೆ. ಆದರೆ ಅವನ ಕೈ ಪೆಟ್ಟಿಗೆಯನ್ನು ಹಿಡಿದಿತ್ತು. ಅಂಬಿಕಾಳ ಹಣೆ ಡ್ಯಾಶ್‌ಬೋರ್ಡಿಗೆ ಬಡಿದಿತ್ತು.

ರಕ್ತ ಕಣ್ಣಿಗಿಳಿಯುತ್ತಿದ್ದರೂ ಅವಳು ನೋಡಿದ್ದು ಅವನ ಕೈಯನ್ನು.

ಹೊಲಿಗೆ ಹಾಕಿಸಿಕೊಂಡು ಬಂದ ಸಂಜೆಯೇ ಅವನು ಅಂಗಳದಲ್ಲಿ ಕೂತು ಗ್ಲಾಸನ್ನು ದೀಪಕ್ಕೆ ಜೋಡಿಸಿದ್ದ. ಪಟ್ಟಿ ಕಟ್ಟಿದ ಹಣೆ ಕಿಟಕಿಯಲ್ಲಿ ಕಾಣಿಸಿತ್ತು. "ಒಡದಿಲ್ಲಲ್ಲ?" ಎಂದು ಕೇಳಿದಳು. "ಏನೂ ಆಗಿಲ್ಲ!" ಎಂದಿದ್ದ ಅವನು, ಸಂತೋಷದಿಂದ. ಆ ಸಂತೋಷ ನೆನೆದರೆ ಈಗಲೂ ಅವನಿಗೆ ತನ್ನ ಮೇಲೆ ಹೇಸಿಗೆ ಬರುತ್ತದೆ. ಮರುದಿನದಿಂದ ಅವಳು ಬಸ್ಸು ಹಿಡಿದಳು. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಅವನ ಬಳಿ ಒಂದು ಉತ್ತರ ತಯಾರಿತ್ತು.

*

ಶಾಲೆ ಗುಡ್ಡದ ಬುಡದಲ್ಲಿ. ಗೇಟಿನ ಮುಂದೆ ರಸ್ತೆ ಸಣ್ಣಗೆ ಏರುತ್ತದೆ. ಅವನು ಕಾರನ್ನು ಏರಿನಲ್ಲೇ ನಿಲ್ಲಿಸಿ ಕೈಬ್ರೇಕು ಎಳೆದ. ಹುಡುಗಿಯರು ಕಾರಿನ ಸುತ್ತ ಮುತ್ತಿ, ಗಾಜಿನಲ್ಲಿ ಜಡೆ ನೋಡಿಕೊಂಡು ಓಡಿದರು. ಅಂಬಿಕಾಳೂ ಮೆಹನಾಜ್ ಟೀಚರೂ ಒಟ್ಟಿಗೆ ಹೊರಗೆ ಬಂದರು. ಕಾರು ಕಂಡು ಅಂಬಿಕಾಳ ನಡಿಗೆ ನಿಧಾನವಾಯಿತು.

"ಏನ್ ಸರ, ಇವತ್ತ ಮದುವಿ ಗಾಡಿ ತಂದೀರಿ!" ಎಂದಳು ಮೆಹನಾಜ್. "ರೂಮು ತೋರಸ್ಬೇಕಂತ ನಾ ಚಾವಿ ಇಟ್ಕೊಂಡು ಕುಂತೀನಿ, ನೀವ್ ಹಾರಿಸ್ಕೊಂಡ್ ಹೊಂಟ್ರೇನ್ರಿ?"

"ಇಲ್ರಿ... ಹಂಗೇ ಈ ಕಡೆ ಬಂದಿದ್ದೆ."

ಹಂಗೇ ಯಾರೂ ಈ ಕಡೆ ಬರುವುದಿಲ್ಲ. ಮೂವರಿಗೂ ಅದು ಗೊತ್ತಿತ್ತು. ಮೆಹನಾಜ್, "ಮಾತಾಡ್ರಿ, ನಾ ಗೇಟಿನ್ಯಾಗ ಇರ್ತೀನಿ," ಎಂದು ಹಿಂದೆ ಸರಿದಳು.

ಅಂಬಿಕಾ ಹಿಂದಿನ ಬಾಗಿಲ ಹಿಡಿಕೆಗೆ ಕೈ ಹಾಕಿ, ಯಾಕೋ ಬಿಟ್ಟು, ಮುಂದಿನ ಬಾಗಿಲು ತೆರೆದು ಕೂತಳು. ಅವಳು ಪಕ್ಕದಲ್ಲಿ ಕೂತು ಎರಡು ತಿಂಗಳಾಗಿತ್ತು. ಅವಳಿಂದ ಚಾಕ್‌ಪೀಸಿನ, ಕೊಬ್ಬರಿ ಎಣ್ಣೆಯ ವಾಸನೆ. ಹಣೆಯ ಗಾಯ ಬಿಳಿ ಗೆರೆಯಾಗಿತ್ತು. ಅದರ ಕೆಳಗೆ ಕುಂಕುಮ ಸ್ವಲ್ಪ ಬದಿಗೆ ಸರಿದಿತ್ತು.

"ಬೆಲ್ಟ್ ಹಾಕ್ಸೀನಿ," ಎಂದ.

"ಕಾಣಾಕತ್ತೈತಿ."

"ಹೊಸಾವು. ಇನ್ನ ಏನೂ ಹೆದರಿಕಿ ಇಲ್ಲ. ದಿನಾ ನಾನೇ ಬಿಟ್ಟು ಹೋಗ್ತೀನಿ, ನಾನೇ ಬಂದು ಕರ್ಕೊಂಡ್ ಹೋಗ್ತೀನಿ. ಎಳಿ, ಹಾಕ್ಕೋ."

ಅಂಬಿಕಾ ಬೆಲ್ಟು ಎಳೆದಳು. ಬರಲಿಲ್ಲ. ಮತ್ತೆ ಎಳೆದಳು. ಒಳಗೆ ಕಟ್ ಎಂದಿತು. ಅಷ್ಟೆ.

"ಮೆತ್ತಗ ಎಳಿ."

ಮೆತ್ತಗೆ ಎಳೆದಳು. ಬರಲಿಲ್ಲ. ಅವನಿಗೆ ತಟ್ಟನೆ ತಿಳಿಯಿತು: ಕಾರು ಏರಿನಲ್ಲಿದೆ, ಡಬ್ಬಿ ಮೊದಲೇ ವಾರೆ, ಗುಂಡು ಉರುಳಿ ಹಲ್ಲು ಕಚ್ಚಿದೆ. ತಲೆಯೊಳಗಿನ ಆ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು ಹಲ್ಲು ಕಿರಿಯುತ್ತಿದ್ದ. ಪಂಪಾಪತಿ ಅವಳ ಕಡೆ ಬಾಗಲು ಹೋದ. ಸಿಂಧನೂರಿನಿಂದ ತಾನೇ ಹಾಕಿಕೊಂಡು ಬಂದಿದ್ದ ಬೆಲ್ಟು ಹೆಗಲು ಕಚ್ಚಿ ಹಿಡಿದು, ಅವನನ್ನು ಸೀಟಿಗೆ ಒತ್ತಿತು. ಅವನ ಕೈ ಅವಳ ತನಕ ಮುಟ್ಟಲಿಲ್ಲ.

"ಒಂದ್ ನಿಮಿಷ, ಒಂದ್ ನಿಮಿಷ," ಎಂದು ಕೊಂಡಿಗಾಗಿ ತಡಕಾಡಿದ.

"ಇರ್ಲಿ ಬಿಡ್ರಿ," ಎಂದಳು ಅಂಬಿಕಾ. ಅವಳ ದನಿ ಮೆತ್ತಗಿತ್ತು. "ಬೆಲ್ಟ್ ಇಲ್ದೇನೂ ಕುಂದರ್ತೀನಿ. ನನಗ ಒಂದು ಮಾತು ಹೇಳ್ರಿ ಸಾಕು."

"ಏನು?"

"ಅವತ್ತ ನಿಮ್ಮ ಕೈ ಎಲ್ಲಿತ್ತು?"

ಎದುರಿಗೆ ಗುಡ್ಡದ ಬಂಡೆಗಳು ಬಿಸಿಲಿಗೆ ಬಿಳಚಿಕೊಂಡಿದ್ದವು. ಹೇಳಬಹುದಾಗಿತ್ತು. ಗ್ಲಾಸಿನ ಮ್ಯಾಲಿತ್ತು, ತಪ್ಪಾತು ಎಂದರೆ ಮುಗಿಯುತ್ತಿತ್ತು. ಆ ಒಂದು ಮಾತಿಗಾಗಿ ಅವಳು ಎರಡು ತಿಂಗಳು ಬಸ್ಸಿನ ಕಂಬಿ ಹಿಡಿದು ನಿಂತಿದ್ದಾಳೆ ಎಂಬುದು ಅವನಿಗೆ ಆ ಕ್ಷಣ ಸ್ಪಷ್ಟವಾಗಿ ಕಂಡಿತು. ಕಂಡದ್ದರಿಂದಲೇ ಕಣ್ಣು ಬೆಲ್ಟಿನ ಡಬ್ಬಿಗೆ ಹೊರಳಿಸಿದ.

"ಒಳಗ ಒಂದು ಗುಂಡು ಇರ್ತೈತಿ," ಎಂದ. "ಗಾಡಿ ಏರಿನ್ಯಾಗ ಐತಿ ನೋಡು, ಅದಕ್ಕ ಅದು ಸರದೈತಿ. ಸಪಾಟ ಜಾಗಕ್ಕ ಹೋದ್ರ..."

ಅಂಬಿಕಾ ಅವನನ್ನು ಪೂರ್ತಿ ಕೇಳಿಸಿಕೊಂಡಳು. ಅವಳು ಒಳ್ಳೆಯ ಟೀಚರು; ತಪ್ಪು ಉತ್ತರ ಹೇಳುವವರನ್ನೂ ನಡುವೆ ತಡೆಯುವುದಿಲ್ಲ. ಕೇಳಿ ಆದ ಮೇಲೆ ಹಿಡಿದೇ ಇದ್ದ ಬೆಲ್ಟನ್ನು ಕೈಯಿಂದ ಬಿಟ್ಟಳು.

"ನಾ ರೂಮು ನೋಡಬೇಕು. ನೀವು ನಡೀರಿ."

"ಆಮ್ಯಾಲೆ?"

"ಆಮ್ಯಾಲೆ ಬಸ್ಸು ಇರ್ತಾವಲ್ರಿ," ಎಂದು ಇಳಿದಳು. ಬಾಗಿಲನ್ನು ಬಡಿಯಲಿಲ್ಲ. ಹಳೇ ಕಾರಿನ ಬಾಗಿಲನ್ನು ಹೇಗೆ ಮುಚ್ಚಬೇಕೆಂದು ಅವನೇ ಕಲಿಸಿದ್ದ. ಹಾಗೇ ಒತ್ತಿ, ಮೆಲ್ಲಗೆ ಮುಚ್ಚಿದಳು.

*

ಊರು ದಾಟಿ ರಸ್ತೆ ಸಪಾಟಾದಲ್ಲಿ ಅವನು ಕಾರು ನಿಲ್ಲಿಸಿದ. ಎಡಕ್ಕೆ ಬಾಗಿ ಆಚೆಯ ಬೆಲ್ಟನ್ನು ಎಳೆದ. ಬಂತು. ನೀರು ಹರಿದಷ್ಟು ಸಲೀಸಾಗಿ ಬಂತು. ಪೂರ್ತಿ ಎಳೆದು ಖಾಲಿ ಸೀಟಿಗೆ ಅಡ್ಡ ಹಾಕಿ ಕೊಂಡಿ ಚುಚ್ಚಿದ. ಟಕ್.

ತಿರುಗಿ ಹೋಗಬಹುದು. ನೋಡು, ಬರ್ತೈತಿ ಎನ್ನಬಹುದು. ಆದರೆ ಶಾಲೆಯ ಮುಂದೆ ಅದೇ ಏರು. ಅಲ್ಲಿ ಮತ್ತೆ ಬರುವುದಿಲ್ಲ. ಇಲ್ಲಿಯ ತನಕ ನಡೆದು ಬಾ ಎನ್ನಬೇಕು. ಈ ಬಿಸಿಲಿನಲ್ಲಿ ನಡೆದು ಬಂದು ಅವಳು ಮತ್ತೆ ಅದೇ ಪ್ರಶ್ನೆ ಕೇಳಿದರೆ? ಅವನು ಬೆಲ್ಟನ್ನೇ ನೋಡುತ್ತ ಕೂತ. ಬೆಣ್ಣೆ ಬಣ್ಣ ತೊಗಲಿಗೆ ಬಹಳ ಒಪ್ಪಿತ್ತು. ಒಪ್ಪಿದೆಯಲ್ಲ ಎಂದು ಇಂಥ ಹೊತ್ತಿನಲ್ಲೂ ಅನ್ನಿಸಿದ್ದಕ್ಕೆ ಅವನಿಗೆ ಅಳು ಬಂದಂತಾಯಿತು. ಬರಲಿಲ್ಲ.

ಯಾರೋ ಗಾಜು ಬಡಿದರು. ಬೇವಿನ ಮರದ ಕೆಳಗೆ ಬಸ್ಸಿಗೆ ಕಾಯುತ್ತಿದ್ದ ಮುದುಕಿ, ಬಗಲಲ್ಲಿ ಅರಿವೆಯ ಗಂಟು.

"ಲಿಂಗಸುಗೂರಿಗೇನೋ ಯಪ್ಪಾ? ದವಾಖಾನಿಗೆ ಹೋಗಬೇಕಾಗಿತ್ತು. ಮಗಳು ಹಡದಾಳ."

"ಹತ್ತವ್ವಾ."

ಅವಳು ಮುಂದಿನ ಬಾಗಿಲು ತೆಗೆದಳು. ಸೀಟಿಗೆ ಅಡ್ಡ ಬಿಗಿದ ಬೆಲ್ಟು ಕಂಡು ತಡೆದಳು.

"ಇಲ್ಲಿ ಯಾರರ ಕುಂದರೋರು ಅದಾರೇನು?"

ಕೊಂಡಿ ಬಿಚ್ಚಿದರೆ ಮುಗಿಯುತ್ತಿತ್ತು. "ಹ್ಞೂಂ, ಅದಾರ," ಎಂದ ಪಂಪಾಪತಿ. "ನೀ ಹಿಂದ ಕುಂದ್ರು."

ಗದ್ದೆಮ್ಮ ಎಂದು ತನ್ನ ಹೆಸರನ್ನು ಅವಳೇ ಹೇಳಿದಳು. ಮಗಳ ಹೆರಿಗೆಯ ಕತೆ ಹೇಳಿದಳು, ಬಾಣಂತಿಗೆ ಒಯ್ಯುತ್ತಿರುವ ಅಳವಿ ಉಂಡಿಯ ಕತೆ ಹೇಳಿದಳು. ಒಂದು ಊರಿನ ಕ್ರಾಸು ಬಂದಾಗ, "ಇಲ್ಲಿ ಹತ್ತೋರೇನಪಾ ನಿಮ್ಮೋರು?" ಎಂದಳು.

"ಇನ್ನೂ ಮುಂದ."

ಮುಂದಿನ ಕ್ರಾಸಿನಲ್ಲೂ ಕುತ್ತಿಗೆ ಚಾಚಿ ನೋಡಿದಳು. ಅಲ್ಲಿ ಒಂದು ನಾಯಿ ಮಲಗಿತ್ತು.

"ಇಲ್ಲೇನು?"

"ಇಲ್ಲವ್ವಾ. ಮುಂದ."

"ಯಾವಾಗಿಂದ ಕಾಯಾಕತ್ತಾರೋ ಪಾಪ, ಲಗೂನ ಹೊಡಿ," ಎಂದಳು ಗದ್ದೆಮ್ಮ. ಅವಳ ಪಾಪ ಎನ್ನುವ ಮಾತು ಅವನಿಗೆ ಚುರುಕ್ಕೆಂದಿತು. ಅರಿವಿಲ್ಲದೆ ಆಕ್ಸಿಲರೇಟರು ಒತ್ತಿದ. ಪಕ್ಕದಲ್ಲಿ ಬೆಲ್ಟು ಖಾಲಿ ಸೀಟನ್ನು ಅಪ್ಪಿಕೊಂಡೇ ಇತ್ತು.

ತಿರುವಿನಲ್ಲಿ ರಸ್ತೆಯ ತುಂಬ ಕುರಿ.

ಬ್ರೇಕು ತುಳಿದ. ಟೈರು ಕಿರುಚಿತು. ಅವನ ಎಡಗೈ ಅವನನ್ನು ಕೇಳದೆ ಬದಿಗೆ ಚಾಚಿ ಪಕ್ಕದ ಸೀಟನ್ನು ಒತ್ತಿ ಹಿಡಿಯಿತು. ಬೆಲ್ಟು ಮೊದಲೇ ಕಚ್ಚಿ ಬಿಗಿದಿತ್ತು. ಅದರ ಮೇಲೆ ಅವನ ಅಂಗೈ, ಐದೂ ಬೆರಳು ಅಗಲಿಸಿ, ಯಾರದೋ ಎದೆ ಇರಬೇಕಾದ ಎತ್ತರದಲ್ಲಿ. ಹಿಂದೆ ಗಂಟು ಉರುಳಿದ ಸದ್ದು, ಹಣೆ ಸೀಟಿನ ಬೆನ್ನಿಗೆ ಬಡಿದ ಸದ್ದು.

"ಯವ್ವಾ!"

"ಪೆಟ್ಟಾತೇನವ್ವಾ?" ಎಂದು ತಿರುಗಲು ಹೋದ. ಹೆಗಲ ಮೇಲಿನ ಬೆಲ್ಟು ಬಿಡಲಿಲ್ಲ.

ಗದ್ದೆಮ್ಮ ಹಣೆ ಉಜ್ಜಿಕೊಳ್ಳುತ್ತ ಎದ್ದು ಕೂತಳು. ಸೀಟಿನ ಮೇಲಿಂದ ಬಾಗಿ ಮೊದಲು ಅವನ ಮುಖ ನೋಡಿದಳು, ಆಮೇಲೆ ಅವನ ಕೈ ನೋಡಿದಳು.

"ಅಲ್ಲಿ ಯಾರನ್ನ ಹಿಡದೀಯೋ ಯಪ್ಪಾ?"

ಕುರಿಗಳು ಕಾರಿನ ಎರಡೂ ಬದಿಗೆ ಒಡೆದು, ಐವತ್ತಾರರ ಬಣ್ಣಕ್ಕೆ ಮೈ ಉಜ್ಜುತ್ತ, ಕೊಂಬು ಗೀರುತ್ತ ಹಾದು ಹೋಗತೊಡಗಿದವು. ಒಂದೊಂದು ಗೀರೂ ಅವನಿಗೆ ಕೇಳಿಸುತ್ತಿತ್ತು. ಕಾಲು ಬ್ರೇಕಿನ ಮೇಲೇ ಇತ್ತು. ಹಿಂದೆ, ಒಡೆಯದ ಆ ಗ್ಲಾಸಿನಲ್ಲಿ ಕೆಂಪು ದೀಪ ಉರಿಯುತ್ತಿರಬೇಕು. ಕೈ ತೆಗೆಯಬೇಕೆಂದುಕೊಂಡ. ಕುರಿಗಳು ಬರುತ್ತಲೇ ಇದ್ದವು, ಕೈ ಅಲ್ಲೇ ಇತ್ತು.